ಶೀನಣ್ಣ ಮತ್ತು ಬೆಳಗಿನ ನೀರು

ಕಾಳು ಬೆಂದಿದೆಯೋ ಇಲ್ಲವೋ ಎಂಬುದನ್ನು ಶೀನಣ್ಣ ಕಿವಿಯಿಂದ ತಿಳಿದುಕೊಳ್ಳುತ್ತಿದ್ದರು. ನಾವೆಲ್ಲ ಸೌಟಿನಲ್ಲಿ ನಾಲ್ಕು ಕಾಳು ಎತ್ತಿ, ಬೆರಳು ಸುಟ್ಟುಕೊಂಡು ಹಿಚುಕಿ ನೋಡುವವರು. ಅವರು ಒಲೆಯ ಮುಂದೆ ಬಗ್ಗಿ, ಎಡಗಿವಿಯನ್ನು ಪಾತ್ರೆಯಿಂದ ಒಂದು ಗೇಣು ದೂರದಲ್ಲಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೇಯದ ಕಾಳು ಕುದಿಯುವಾಗ ತಳಕ್ಕೆ ತಾಗಿ ಸಣ್ಣಗೆ ಕಟಕಟ ಎನ್ನುತ್ತದಂತೆ. ಬೆಂದ ಮೇಲೆ ಅದು ನಿಂತು ನೀರಿನ ದಪ್ಪ ಸದ್ದು ಮಾತ್ರ ಉಳಿಯುತ್ತದಂತೆ. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು. ಹಾಗೆ ಹೇಳಿದರೆ, "ಕುಕ್ಕರಿನ ಸೀಟಿ ಕೇಳಿ ಕೇಳಿ ನಿನ್ನ ಕಿವಿ ಹಾಳಾಗಿದೆ ಮಾರಾಯ್ತಿ" ಎನ್ನುತ್ತಿದ್ದರು.

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಲಿಫ್ಟಿಲ್ಲದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ನಾನು ಧಾರವಾಡ ಕಡೆಯವಳು. ಠಾಣೆಯ ಒಂದು ಕಚೇರಿಯಲ್ಲಿ ಕೆಲಸ, ಒಬ್ಬಳೇ ಇರುವುದು. ಶೀನಣ್ಣ ಕಾರ್ಕಳದ ಹತ್ತಿರದವರು. ಮೀಸೆ ಮೂಡುವ ಮೊದಲೇ ಮುಂಬೈಗೆ ಬಂದು, ಠಾಣೆ ಸ್ಟೇಶನ್ ಪಕ್ಕದ ಹೋಟೆಲೊಂದರ ಅಡುಗೆಮನೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬೆವರು ಸುರಿಸಿ, ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟವರು. ಹೆಂಡತಿ ಊರಿನಲ್ಲೇ ತೀರಿಕೊಂಡಿದ್ದರು. ಎಪ್ಪತ್ತು ದಾಟಿತ್ತು, ಆದರೂ ಇಡೀ ಕಟ್ಟಡದ ಮರಾಠಿ ಜನಕ್ಕೆ ಅವರು ಅಣ್ಣಾ, ನನಗೂ ಅಣ್ಣ.

ನಾವು ಪರಿಚಯವಾದದ್ದೇ ಜಗಳದಿಂದ. ನಾನು ಬಂದ ಹೊಸತರಲ್ಲಿ ಒಂದು ಭಾನುವಾರ ಕುಕ್ಕರಿನಲ್ಲಿ ಕಾಳು ಕೂಗಿಸುತ್ತಿದ್ದೆ. ಏಳನೆಯ ಸೀಟಿಗೆ ಎದುರು ಮನೆಯ ಬಾಗಿಲು ತೆರೆಯಿತು. ಮೈಮೇಲೆ ಬನಿಯನ್, ಹೆಗಲ ಮೇಲೆ ಬೈರಾಸು, ಅಪರಿಚಿತ ಮುದುಕರು. ಎಂಥ ಕಾಳು, ಯಾವಾಗ ನೆನೆಹಾಕಿದ್ದು, ಯಾವ ನೀರು ಎಂದು ಪೊಲೀಸರ ಹಾಗೆ ವಿಚಾರಣೆ ಮಾಡಿದರು. ನೆನೆಹಾಕಿಲ್ಲ, ಚಿಟಿಕೆ ಸೋಡಾ ಹಾಕಿದ್ದೇನೆ ಎಂದೆ. ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಹಂಕಾರದ ಮುದುಕ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಂದರು. ಅದು ಅಲಸಂಡೆ ಬೀಜದ ಗಸಿ, ಅವರ ಊರಿನ ಕಡೆಯ ಕಾಯಿ ಅರೆದ ದಪ್ಪ ಸಾರು. ನಾನು ಅಲ್ಲೇ ಹೊಸ್ತಿಲ ಮೇಲೆ ನಿಂತು, ಅನ್ನವಿಲ್ಲದೆ, ಬೆರಳಿನಿಂದ ಬಟ್ಟಲು ಒರೆಸಿ ತಿಂದೆ. ಅಂದಿನಿಂದ ಭಾನುವಾರ ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ವಾರದ ಹದಿನಾಲ್ಕು ಊಟಗಳಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ಉಣ್ಣುತ್ತಿದ್ದುದು ಅದೊಂದೇ.

ಅವರ ಗಸಿಗೆ ಬೇಕಾದದ್ದು ಊರಿನ ಕೆಂಪು ಅಲಸಂಡೆ ಬೀಜವೇ. ಅಂಗಡಿಯ ದಪ್ಪ ಕಾಳನ್ನು ಅವರು ಕಾಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಊರಿಂದ ಯಾರಾದರೂ ಬಸ್ಸಿನಲ್ಲಿ ಕಳಿಸುವರು. ಇವರು ಸಾನಪಾಡಾಕ್ಕೆ ಹೋಗಿ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾದು ಬಟ್ಟೆಯ ಗಂಟನ್ನು ಇಳಿಸಿಕೊಂಡು ಬರುವರು. ರಾತ್ರಿಯಿಡೀ ನೆನೆಯಬೇಕು. ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಬೇಯಬೇಕು. ಮೆತ್ತಗಾಗುವ ತನಕ ಉಪ್ಪು, ಹುಳಿ, ಬೆಲ್ಲ ಯಾವುದೂ ಹತ್ತಿರ ಸುಳಿಯಬಾರದು. ಆಮೇಲೆ ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ಅರೆದ ತೆಂಗಿನಕಾಯಿ. ಕೊನೆಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. "ಕಾಳಿಗೆ ಅವಸರ ಮಾಡ್ಲಿಕ್ಕಿಲ್ಲ. ಅದಕ್ಕೆ ಮನಸ್ಸಾದಾಗ ಅದೇ ಬೇಯ್ತದೆ" ಎನ್ನುವರು.

ಎಲ್ಲಕ್ಕಿಂತ ದೊಡ್ಡ ನಿಯಮ ನೀರಿನದು. ನಮ್ಮ ಕಟ್ಟಡದಲ್ಲಿ ಅಡುಗೆಮನೆಗೆ ಎರಡು ನಲ್ಲಿ. ಒಂದರಲ್ಲಿ ಬೆಳಿಗ್ಗೆ ಏಳಕ್ಕೆ ಅರ್ಧ ಗಂಟೆ ಕಾರ್ಪೊರೇಷನ್ ನೀರು. ಇನ್ನೊಂದರಲ್ಲಿ ದಿನವಿಡೀ ಬೋರಿನ ನೀರು. ಬೋರಿನ ನೀರಿನಲ್ಲಿ ಕಾಳು ಸಾಯಂಕಾಲದ ತನಕ ಕುದಿಸಿದರೂ ಬೇಯುವುದಿಲ್ಲ ಎಂದು ಅವರು ಪ್ರತಿ ಭಾನುವಾರ ಹೇಳುತ್ತಿದ್ದರು. ಕುಕ್ಕರು, ಸೋಡಾ ಇದ್ದವಳಿಗೆ ಯಾವ ನೀರಾದರೇನು? ಮುದುಕರ ಮಡಿ ಎಂದು ನಾನು ಹೂಂಗುಟ್ಟುತ್ತಿದ್ದೆ.

ಸೋಡಾದ ಮೇಲೆ ಅವರಿಗೆ ಅಷ್ಟು ಕೋಪ ಯಾಕೆ ಎಂದು ನಿಧಾನಕ್ಕೆ ತಿಳಿಯಿತು. ಹೋಟೆಲಿನಲ್ಲಿ ನಲವತ್ತು ವರ್ಷ ಅವರು ಹಾಕಿದ್ದೇ ಸೋಡಾ. ಬೆಳಗಿನ ಉಸಳ್‌ಗೆ, ಎಂದರೆ ಕಾಳಿನ ಪಲ್ಯಕ್ಕೆ, ಗಿರಾಕಿ ಕಾಯುವುದಿಲ್ಲ, ಮಾಲೀಕರು ಗ್ಯಾಸು ಉರಿಸಲು ಬಿಡುವುದಿಲ್ಲ. ಸೋಡಾ ಬಿದ್ದರೆ ಕಾಳು ಗಳಿಗೆಯಲ್ಲಿ ಕರಗುತ್ತದೆ. ರುಚಿಯೂ ಅದರ ಜೊತೆಗೇ ಹೋಗುತ್ತದೆ. ಠಾಣೆಯ ಅರ್ಧ ಊರಿಗೆ ಹಾಗೆ ಬಡಿಸಿದ ಮನುಷ್ಯ, ಸ್ವಂತ ಒಲೆ ಹಚ್ಚಿದ ದಿನ ಸೋಡಾವನ್ನು ಮನೆಯೊಳಗೆ ತರುವುದಿಲ್ಲ ಎಂದು ನಿಶ್ಚಯಿಸಿಬಿಟ್ಟಿದ್ದರು.

ಅವರಿಗೆ ಒಬ್ಬಳೇ ಮಗಳು, ಪ್ರಮೀಳಾ. ಮದುವೆಯಾಗಿ ಬದಲಾಪುರದಲ್ಲಿದ್ದಾಳೆ. ಅದೇ ರೈಲ್ವೆ ಲೈನು, ಮುಕ್ಕಾಲು ಗಂಟೆಯ ದಾರಿಯೂ ಅಲ್ಲ. ಆದರೂ ಬರುತ್ತಿದ್ದುದು ವರ್ಷಕ್ಕೆ ಒಂದೆರಡು ಸಲ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಜಗಳವೇನೂ ಇರಲಿಲ್ಲ. ಅವಳು ಊರಿನಲ್ಲಿ ಬೆಳೆಯುವಾಗ ಇವರು ವರ್ಷಕ್ಕೆ ಹದಿನೈದು ದಿನ ರಜೆಯ ಮೇಲೆ ಹೋಗುವವರು. ಆ ಹದಿನೈದು ದಿನ ಹೆಂಡತಿ ಇವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅಪರೂಪಕ್ಕೆ ಬಂದ ಗಂಡನ ಕೈಯಲ್ಲಿ ಅಡುಗೆ ಮಾಡಿಸಿದರೆ ನೆರೆಯವರು ಏನಂದುಕೊಂಡಾರು? ಹೀಗಾಗಿ ಆ ಮಗಳು ಅಪ್ಪನ ಅಡುಗೆಯನ್ನು ಒಮ್ಮೆಯೂ ತಿಂದಿರಲಿಲ್ಲ. ಈಚೆಗೆ ನೆಂಟರ ಮದುವೆಯೊಂದರಲ್ಲಿ ಯಾರೋ ಶೀನಣ್ಣನ ಕೈರುಚಿ ಹೊಗಳಿದಾಗ, ಅವಳು ನಗುತ್ತಲೇ, "ಅದೆಲ್ಲ ನಿಮಗೇ ಗೊತ್ತು, ನಮಗೆ ಸಿಕ್ಕಿದ್ದಿಲ್ಲ" ಎಂದಳಂತೆ. ಶೀನಣ್ಣ ಅದನ್ನು ನನಗೆ ಹೇಳಿದ್ದು ಎರಡು ವಾರ ಕಳೆದ ಮೇಲೆ, ತೆಂಗಿನಕಾಯಿ ತುರಿಯುತ್ತ, ನನ್ನ ಮುಖ ನೋಡದೆ.

ಆಮೇಲೆ ಒಂದು ದಿನ ಫೋನ್ ಮಾಡಿ ಅವಳನ್ನು ಊಟಕ್ಕೆ ಕರೆದರು. ಬರುವ ಭಾನುವಾರ ಮಗುವನ್ನೂ ಕರೆದುಕೊಂಡು ಬರುತ್ತೇನೆ ಎಂದಳು. ಆ ವಾರ ಅವರ ಓಡಾಟ ನೋಡಬೇಕಿತ್ತು. ಅಡುಗೆಮನೆಯ ಗೋಡೆ ಕೂಡ ತೊಳೆದರು. ಆದರೆ ಭಾನುವಾರ ಪೈಪ್ ರಿಪೇರಿ, ಬೆಳಗಿನ ಕಾರ್ಪೊರೇಷನ್ ನೀರು ಬರುವುದಿಲ್ಲ ಎಂದು ಶುಕ್ರವಾರ ಕೆಳಗಿನ ಬೋರ್ಡಿನ ಮೇಲೆ ಬರೆದಿದ್ದರು. ಊರಿನ ಕಾಳು ಸಾನಪಾಡಾಕ್ಕೆ ಬರುವುದು ಶನಿವಾರ ಬೆಳಿಗ್ಗೆ. ಅವರು ಆರಕ್ಕೇ ಹೊರಡಬೇಕು. ಶುಕ್ರವಾರ ಸಂಜೆ ಎರಡು ಸ್ಟೀಲಿನ ಕೊಡ ತಂದು ನನ್ನ ಅಡುಗೆಮನೆಯಲ್ಲಿಟ್ಟು, ಏಳು ಗಂಟೆಗೆ ಮರೆಯದೆ ಬೆಳಗಿನ ನೀರು ಹಿಡಿದಿಡು ಎಂದು ಎರಡು ಸಲ ಹೇಳಿದರು. ಆಯ್ತು ಎಂದೆ.

ಶನಿವಾರ ನನಗೆ ರಜೆ. ಎಚ್ಚರವಾದಾಗ ಎಂಟು ದಾಟಿತ್ತು. ನಲ್ಲಿ ತಿರುಗಿಸಿದರೆ ಗಾಳಿ ಬಂತು. ನಾಲ್ಕು ಮನೆಯ ಬಾಗಿಲು ತಟ್ಟಿದ್ದರೆ ಎರಡು ಕೊಡ ನೀರು ಸಿಗುತ್ತಿತ್ತು. ತಟ್ಟಲು ಸೋಮಾರಿತನ, ಸ್ವಲ್ಪ ನಾಚಿಕೆ. ಇನ್ನೊಂದು ನಲ್ಲಿ, ಬೋರಿನದು, ತಿರುಗಿಸಿ ಎರಡೂ ಕೊಡ ತುಂಬಿಸಿ, ತಟ್ಟೆ ಮುಚ್ಚಿಟ್ಟೆ. ನೋಡಲು ನೀರು ನೀರಿನ ಹಾಗೇ ಇತ್ತು. ಅವರು ಬಂದು ಕೊಡ ಎತ್ತಿಕೊಂಡು ಹೋಗುವಾಗ ನಾನು ಅವರ ಮಂಡಿಯ ನೋವು ವಿಚಾರಿಸಿದೆ, ನೀರಿನ ಮಾತು ತೆಗೆಯಲಿಲ್ಲ.

ಭಾನುವಾರ ಒಂಬತ್ತಕ್ಕೆ ಕಾಳು ಒಲೆಗೇರಿತು. ಹನ್ನೊಂದೂವರೆಗೆ ಪ್ರಮೀಳಾ ಆರು ವರ್ಷದ ಮಗಳ ಜೊತೆ ಬಂದಳು. ನನ್ನನ್ನೂ ಊಟಕ್ಕೆ ಕರೆದಿದ್ದರು. ಬಾಳೆಎಲೆ ಒರೆಸುತ್ತ ಕೂತಿದ್ದೆ. ಅಪ್ಪ, ಮಗಳು ತುಳುವಿನಲ್ಲಿ ಮಾತಾಡಿದರು, ನನಗೆ ಅರ್ಧ ತಿಳಿಯಿತು. ಊರಿನ ಸುದ್ದಿ, ನೆಂಟರ ಸುದ್ದಿ. ಅದು ಮುಗಿದ ಮೇಲೆ ಇಬ್ಬರೂ ಮಗುವನ್ನು ನೋಡುತ್ತ ಕೂತರು. ಮಗು ಹಿಂದಿಯಲ್ಲಿ ಹಸಿವು ಎಂದಿತು.

ಹನ್ನೆರಡಾಯಿತು. ಶೀನಣ್ಣ ಹೋಗಿ ಕಿವಿಯಿಟ್ಟು ಬಂದರು. ಒಂದಾಯಿತು, ಮತ್ತೆ ಹೋದರು. ಈ ಸಲ ಸೌಟು ತೆಗೆದುಕೊಂಡು ನಮ್ಮ ಹಾಗೆ ಕಾಳು ಹಿಚುಕಿ ನೋಡಿದರು. ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂದು ಮೆಗಾ ಬ್ಲಾಕು, ಹಳಿ ರಿಪೇರಿಗೆಂದು ರೈಲುಗಳೇ ಕಡಿಮೆ, ಮೂರು ಗಂಟೆಯ ಬದಲಾಪುರ ಲೋಕಲ್ ತಪ್ಪಿದರೆ ಮುಂದಿನದು ಯಾವಾಗಲೋ. ಗಂಡ ಸಂಜೆಯ ಡ್ಯೂಟಿಗೆ ಹೋಗುವ ಮೊದಲು ಮನೆ ಸೇರಬೇಕು ಎಂದು ಪ್ರಮೀಳಾ ಬಂದಾಗಲೇ ಹೇಳಿದ್ದಳು. ಈಗ ಅವಳು ಗಡಿಯಾರ ನೋಡುವುದನ್ನು ಮರೆಮಾಚುತ್ತಿದ್ದಳು. ಚಿಟಿಕೆ ಸೋಡಾ ಹಾಕಬಹುದಲ್ಲ ಎಂದು ಮೆಲ್ಲಗೆ ಕೇಳಿದಳು. ಶೀನಣ್ಣ ಸೌಟು ಹಿಡಿದೇ ನನ್ನ ಕಡೆ ತಿರುಗಿದರು.

"ಬೆಳಗಿನ ನೀರೇ ಅಲ್ವಾ ಅದು?"

ಪ್ರಮೀಳಾ ನನ್ನನ್ನೇ ನೋಡುತ್ತಿದ್ದಳು. ಮಗುವೂ ನೋಡುತ್ತಿತ್ತು.

"ಹೌದ್ರಿ ಅಣ್ಣಾ" ಎಂದೆ. "ಬೆಳಗಿನ ನೀರ ಅದು."

ಅವರು ತಲೆಯಾಡಿಸಿದರು. ನನ್ನ ಮಾತನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ. ಮತ್ತೊಮ್ಮೆ ಪಾತ್ರೆಯ ಮುಂದೆ ಬಗ್ಗಿ ಕಿವಿಯಿಟ್ಟರು. ಎರಡು ಗಂಟೆಗೆ ನನ್ನ ಹತ್ತಿರ ಬಂದು, ಮಗಳಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, "ನಿನ್ನಲ್ಲಿ ಸೋಡಾ ಉಂಟಲ್ವಾ? ಸ್ವಲ್ಪ ತಾ" ಎಂದರು.

ತಂದುಕೊಟ್ಟೆ. ಎದುರು ಮನೆಯಿಂದ ನನ್ನ ಮನೆಗೆ ಹೋಗಿ ಬರಲು ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ನಿಜ ಹೇಳಬಹುದಿತ್ತು. ಕಾಳು ಒಡೆದು ಮುದ್ದೆಯಾಯಿತು. ಗಸಿಯ ಬಣ್ಣ ಕಂದಿತು. ಪ್ರಮೀಳಾ ಅವಸರದಲ್ಲಿ ಉಂಡು, ಚೆನ್ನಾಗಿದೆ ಅಪ್ಪ ಎಂದಳು. ಮಗು ಸಾಬೂನಿನ ವಾಸನೆ ಎಂದು ಹಿಂದಿಯಲ್ಲಿ ಹೇಳಿ ಎಲೆ ದೂರ ತಳ್ಳಿತು. ಅವರಿಬ್ಬರೂ ಮೆಟ್ಟಿಲು ಇಳಿದ ಮೇಲೆ ಶೀನಣ್ಣ ಎಲೆಗಳನ್ನು ಮಡಚುತ್ತ ಒಂದೇ ಮಾತು ಆಡಿದರು.

"ಮಗಳಿಗೂ ಹೋಟೆಲಿನದ್ದೇ ಬಡಿಸಿದೆ ಅಲ್ವಾ. ಕೈ ಹೋಯ್ತು ನನ್ನದು."

ನಾಳೆ ಹೇಳೋಣ ಎಂದುಕೊಂಡೆ. ನಾಳೆಗೆ ಹೇಳುವುದು ಇನ್ನೂ ಕಷ್ಟವಾಯಿತು, ನಾಡಿದ್ದಿಗೆ ಅದಕ್ಕಿಂತ ಹೆಚ್ಚು. ಮುಂದಿನ ಭಾನುವಾರ ಅವರು ಒಲೆ ಹಚ್ಚಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸ್ಟೇಶನ್ ರಸ್ತೆಯ ಖಾನಾವಳಿಯಿಂದ ಡಬ್ಬಿ ತರಿಸತೊಡಗಿದರು. ಕಟ್ಟಡದವರು ಅಣ್ಣಾ ಯಾಕೆ ಏನೂ ಮಾಡುವುದಿಲ್ಲ ಎಂದು ಕೇಳಿದರೆ, ವಯಸ್ಸಾಯಿತು ಎನ್ನುವರು. ನನ್ನನ್ನು ಕಂಡರೆ ಮೊದಲಿನ ಹಾಗೆಯೇ ನಗುತ್ತಿದ್ದರು, ಆದರೆ ಬಾ ಎನ್ನುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ನನ್ನ ಮನೆಯಲ್ಲಿ, ಅವರು ಅವರ ಮನೆಯಲ್ಲಿ, ಎರಡು ಬಾಗಿಲುಗಳ ಹಿಂದೆ ಕೂತು ಉಣ್ಣುತ್ತಿದ್ದೆವು. ಹೊಸ ಊರಿನಲ್ಲಿ ಒಂಟಿಯಾಗಿದ್ದ ದಿನಗಳಲ್ಲೂ ನನಗೆ ಅಷ್ಟು ಒಂಟಿತನ ಅನಿಸಿರಲಿಲ್ಲ.

ಹೀಗೆ ವರ್ಷದ ಮೇಲಾಯಿತು. ಒಂದು ಮಳೆಗಾಲ ಅವರಿಗೆ ಜ್ವರ ಬಂದದ್ದು ಬಿಡಲಿಲ್ಲ. ಪಕ್ಕದ ಕಲ್ಯಾಣದ ಆಸ್ಪತ್ರೆಗೆ ಸೇರಿಸಿದರು. ನಾನು ಹೋದ ದಿನ ಹಾಸಿಗೆಯ ಪಕ್ಕದ ತಟ್ಟೆಯಲ್ಲಿ ಅರ್ಧ ತಿಂದ ಮಟಕಿ ಕಾಳಿನ ಉಸಳ್ ಇತ್ತು. ಅದನ್ನು ತೋರಿಸಿ, "ನೋಡು, ಇವರಿಗೂ ಬೇಯಿಸ್ಲಿಕ್ಕೆ ಬರ್ತದೆ. ನಾನೇ ಮರ್ತದ್ದು" ಎಂದು ನಕ್ಕರು. ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆಗಲೇ ನರ್ಸ್ ಬಂದಳು ಎಂದು ಬರೆಯಬಹುದು. ಯಾರೂ ಬರಲಿಲ್ಲ. ನಾನೇ ಹೇಳಲಿಲ್ಲ. ಮಾತ್ರೆ ನುಂಗಲು ಲೋಟಕ್ಕೆ ನೀರು ಹಾಕಿ ಕೊಟ್ಟು ಎದ್ದು ಬಂದೆ. ಐದು ದಿನದ ಮೇಲೆ ಅವರು ಹೋದರು.

ಹದಿಮೂರನೆಯ ದಿನದ ಊಟಕ್ಕೆ ಬದಲಾಪುರಕ್ಕೆ ಹೋದೆ. ಅವರ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ಜನ ಸೇರಿದ್ದರು. ಪ್ರಮೀಳಾಳನ್ನು ಬಾಲ್ಕನಿಗೆ ಕರೆದು ಎಲ್ಲವನ್ನೂ ಹೇಳಿದೆ. ನೀರು, ಕೊಡ, ನಾನು ಆಡಿದ ಸುಳ್ಳು. ಅಪ್ಪನ ಕೈ ಹೋಗಿರಲಿಲ್ಲ ಎಂದೆ. ಅವಳು ಕೆಳಗೆ ರಸ್ತೆಯನ್ನು ನೋಡುತ್ತ ನಿಂತಿದ್ದಳು. ಕಣ್ಣು ಅಲ್ಲೇ ಇಟ್ಟು ಮಾತಾಡಿದಳು.

"ಇನ್ನೊಮ್ಮೆ ಕರೀತಾರೆ ಅಂತ ಕಾಯ್ತಾ ಇದ್ದೆ ಅಕ್ಕಾ. ನಾನಾಗಿ ಬರ್ತೇನೆ ಅಂದ್ರೆ ಅಪ್ಪ ಏನಾದ್ರೂ ನೆಪ ಹೇಳ್ತಿದ್ರು. ಮಂಡಿ ನೋವು, ನೀರಿಲ್ಲ, ಇನ್ನೊಂದು ವಾರ ನೋಡುವ ಅಂತ. ನಾವು ಬಂದದ್ದು ಅವರಿಗೆ ಇಷ್ಟ ಆಗ್ಲಿಲ್ಲ ಅಂತ ತಿಳ್ಕೊಂಡೆ."

ನಾನು ಏನೋ ಹೇಳಲು ಹೋದೆ. ಅವಳು ಕೈಯಿಂದ ತಡೆದು, ಎಲೆ ಹಾಕಿದ್ದಾರೆ, ಊಟಕ್ಕೆ ಬನ್ನಿ ಎಂದಳು. ಉಣ್ಣದೆ ಎದ್ದು ಬರುವ ಧೈರ್ಯವಾಗಲಿಲ್ಲ. ಸಾಲಿನಲ್ಲಿ ಕೂತೆ. ಅವಳೇ ಸೌಟು ಹಿಡಿದು ಬಡಿಸುತ್ತ ಬಂದಳು. ಎಲ್ಲರಿಗೂ ಬಡಿಸಿದಷ್ಟೇ ನನಗೂ ಬಡಿಸಿದಳು. ಮುಖ ಮಾತ್ರ ನೋಡಲಿಲ್ಲ.