ವ್ಯಾನ್ ಆಂಟಿ ಓಡಿದ ಓಟ

ಬೀದಿಯ ಮಕ್ಕಳ ಬಾಯಲ್ಲಿ ಅವಳು ‘ವ್ಯಾನ್ ಆಂಟಿ’. ಬೆಳಿಗ್ಗೆ ಶಾಲೆಯ ವ್ಯಾನ್ ಹತ್ತಿದಳೆಂದರೆ ಸಂಜೆಯವರೆಗೆ ಅವಳ ಕಾಲಿಗೆ ಕ್ಲಚ್ಚು, ಬ್ರೇಕು ಬಿಟ್ಟು ಬೇರೆ ಕೆಲಸವಿಲ್ಲ. ಮೂಲೆಯಂಗಡಿಯಿಂದ ಹಾಲು ತರುವುದಕ್ಕೂ ಸ್ಕೂಟರ್ ಬೇಕು. ಅಂಥವಳನ್ನು ಒಂದು ಭಾನುವಾರ ಗ್ಯಾರೇಜಿನವನು ತಡೆದು, “ಏನಕ್ಕಾ, ರೇಸಲ್ಲಿ ಓಡ್ತೀರಂತೆ?” ಎಂದು ಕೇಳಿದಾಗ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮನೆಗೆ ಬಂದು ನೋಡಿದರೆ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ಹಿಂದಿನ ವರ್ಷ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿ, ಔಷಧಿಯೆಲ್ಲ ಮುಗಿದು, ಈಗಷ್ಟೇ ತಲೆಯ ಮೇಲೆ ಬೆರಳುದ್ದ ಕೂದಲು ಬಂದಿತ್ತು. ಅವರ ನಾಲಿಗೆಗೆ ಮಾತ್ರ ಕಾಯಿಲೆ ಒಂದು ದಿನವೂ ತಟ್ಟಿರಲಿಲ್ಲ.

“ಹೌದು, ನಾನೇ ನಿನ್ನ ಹೆಸರು ಕೊಟ್ಟೆ. ಆಸ್ಪತ್ರೆಯವ್ರು ಓಟ ಇಟ್ಟಿದ್ದಾರೆ, ಐದು ಕಿಲೋಮೀಟರ್. ನೀನು ಮುಗಿಸಿದ್ರೆ ಆಸ್ಪತ್ರೆಗೆ ದುಡ್ಡು ಕೊಡ್ತೀವಿ ಅಂತ ಬೀದಿಯವರೆಲ್ಲ ಒಪ್ಪಿದ್ದಾರೆ.”

“ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ ಅತ್ತೆ?”

“ಕೇಳಿದ್ರೆ ಒಪ್ತಿದ್ಯಾ?”

ಗಂಡ ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಪೇಪರ್ ಅಲುಗಾಡುತ್ತಿತ್ತು.

ಓಡುವುದಿಲ್ಲ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ಆದರೆ ವ್ಯಾನಿನ ಬ್ರೇಕ್ ತೋರಿಸಲು ಗ್ಯಾರೇಜಿಗೆ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ಎಲ್ಲರಿಗಿಂತ ದೊಡ್ಡ ಮೊತ್ತ ಒಪ್ಪಿಕೊಂಡವನು ಇವನೇ. ಯಾಕಪ್ಪಾ ಇಷ್ಟು ಧಾರಾಳ ಎಂದರೆ, “ಕೊಡೋ ಪ್ರಮೇಯ ಬರಲ್ಲ ಅನ್ನೋ ಧೈರ್ಯ ಅಕ್ಕಾ” ಎಂದ. ಅವಳೂ ನಕ್ಕಳು. ಆದರೆ ಮಾತು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಮರುದಿನ ನಸುಕಿನಲ್ಲೇ ಶೂ ಹಾಕಿದಳು.

ಮೊದಲ ದಿನ ಅಂಚೆ ಕಚೇರಿಯ ತಿರುವಿನಲ್ಲೇ ಪಕ್ಕೆ ಹಿಡಿಯಿತು. ಬೀದಿನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ಇದನ್ನು ಓಟವೆಂದು ಅದೂ ಒಪ್ಪಲಿಲ್ಲ. ಹೀಗೇ ವಾರ ಕಳೆದ ಮೇಲೆ, ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಸಿದವಳು ಸಿಟ್ಟಿನಿಂದಲೇ ಕೇಳಿದಳು: “ನಿಮ್ಮ ಮಗನಿಗೂ ಎರಡು ಕಾಲಿದೆ. ನಾನೇ ಯಾಕೆ?”

ಅತ್ತೆ ನೀರಿನ ಲೋಟ ಕೊಟ್ಟು ಪಕ್ಕದಲ್ಲೇ ಕೂತರು.

“ಈ ದುಡ್ಡಲ್ಲಿ ರೋಗಿಗಳ ಜೊತೆ ಬರೋರಿಗೆ ಒರಗೋ ಕುರ್ಚಿ ತರ್ತಾರಂತೆ. ನನಗೆ ಡ್ರಿಪ್ ಹಾಕಿದಾಗೆಲ್ಲ ನೀನು ಆ ಕಬ್ಬಿಣದ ಸ್ಟೂಲ್ ಮೇಲೆ ಕೂತು ತೂಕಡಿಸ್ತಿದ್ದೆ. ನಾನು ನಿದ್ದೆ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ನೀನು. ಎಲ್ಲಾ ನೋಡ್ತಿದ್ದೆ ಕಣೇ. ಆಗ ಹೇಳೋಕಾಗ್ಲಿಲ್ಲ. ಆ ಕುರ್ಚಿ ನಿನ್ನ ಹೆಸರಲ್ಲೇ ಬರ್ಲಿ ಅನ್ನಿಸ್ತು.”

ಸೊಸೆ ಗಟ್ಟಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಎದ್ದು, ಇನ್ನೊಂದು ಸುತ್ತು ಹೋಗಿ ಬಂದಳು.

ಓಟದ ದಿನ ಅರ್ಧ ದಾರಿ ಹೇಗೋ ಸಾಗಿತು. ಆಮೇಲೆ ಓಟಕ್ಕಿಂತ ನಡಿಗೆಯೇ ಹೆಚ್ಚು. ಊರುಗೋಲು ಹಿಡಿದ ಅಜ್ಜನೊಬ್ಬ, “ಬರ್ಲಾ ತಾಯಿ?” ಎಂದು ಕೇಳಿ ಮುಂದೆ ಹೋದ. ಕೊನೆಯ ತಿರುವಿನಲ್ಲಿ ವ್ಯಾನಿನ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. “ಆಂಟಿ, ಗೇರ್ ಹಾಕಿ” ಎಂದು ಒಂದೇ ಸಮನೆ ಕೂಗಿದರು. ನಗು ಬಂದು ಇದ್ದ ಉಸಿರೂ ಹೋಯಿತು. ಆದರೂ ಓಡಿದಳು. ಆಸ್ಪತ್ರೆಯವರು ಬ್ಯಾನರಿನ ಒಂದು ತುದಿ ಬಿಚ್ಚುತ್ತಿದ್ದಾಗ ಗೆರೆ ದಾಟಿದಳು.

ಅಲ್ಲಿ ಗ್ಯಾರೇಜಿನವನು ಕಾಯುತ್ತಿದ್ದ. “ಕೆಟ್ಟೆ ಅಕ್ಕಾ. ಆದ್ರೂ ಯಾಕೋ ಸಂತೋಷ ಆಗ್ತಿದೆ” ಎಂದ. ಅತ್ತೆ ಹೊಗಳಲಿಲ್ಲ. ಟವೆಲ್ಲಿನಿಂದ ಅವಳ ಮುಖವನ್ನು, ಮಗುವಿಗೆ ತಲೆ ಒರೆಸುವಂತೆ, ಜೋರಾಗಿ ಒರೆಸಿದರು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ಮರುದಿನ ವ್ಯಾನ್ ಓಡಿಸಿದ್ದು ಗಂಡ. ಮಕ್ಕಳೆಲ್ಲ ತಡವಾಗಿ ಶಾಲೆ ಸೇರಿದರು.

ಕೆಲವು ತಿಂಗಳ ಮೇಲೆ ತಪಾಸಣೆಗೆ ಹೋದಾಗ ವಾರ್ಡಿನಲ್ಲಿ ಹೊಸ ಕುರ್ಚಿಗಳು ಬಂದಿದ್ದವು. ಒಂದರಲ್ಲಿ ಯಾವುದೋ ರೋಗಿಯ ಜೊತೆ ಬಂದ ಹುಡುಗನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಅತ್ತೆ, ಸೊಸೆ ಚಪ್ಪಲಿ ಸದ್ದಾಗದಂತೆ ಅವನನ್ನು ದಾಟಿ ಡಾಕ್ಟರ ಕೋಣೆಗೆ ಹೋದರು.