ಭಗವಂತಪ್ಪನವರ ಇಲ್ಲದ ರೆಕಾರ್ಡುಗಳು

ಆಳಂದದ ಖಾಸಗಿ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುವ ವಿದ್ಯಾವತಿಯ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇರಲಿಲ್ಲ. ಅವಳು ಹುಟ್ಟಿ ಬೆಳೆದ ಮನೆಯಲ್ಲೂ ಇರಲಿಲ್ಲ. ತಂದೆ ಭಗವಂತಪ್ಪ ತೊಗರಿ ಬೇಳೆಯ ಮಿಲ್ಲಿನಲ್ಲಿ ತೂಕದ ಕಾಟಾದ ಮುಂದೆ ನಿಂತು ಆಯುಷ್ಯ ಕಳೆದವರು. ಸಂಜೆ ಮನೆಗೆ ಬಂದರೆ ಅವರ ಹುಬ್ಬಿನ ಮೇಲೆಲ್ಲ ಬೇಳೆಯ ಹಳದಿ ಧೂಳು ಕೂತಿರುತ್ತಿತ್ತು. ಅವರು ತೀರಿಕೊಂಡ ಮೇಲೆ ತಾಯಿ ಗುರಮ್ಮ ಒಬ್ಬಳೇ ಮಗಳಾದ ವಿದ್ಯಾವತಿಯ ಮನೆಗೇ ಬಂದು ಉಳಿದಿದ್ದಳು.

ಹೊಸ ಬಗೆಯ ಸಂಗೀತವೊಂದು ವಿದ್ಯಾವತಿಯ ಕಿವಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಒಂದು ಸಂಜೆ ರೊಟ್ಟಿ ಬಡಿಯುತ್ತ ಮೊಬೈಲಿನಲ್ಲಿ ಶಹನಾಯಿ ಹಚ್ಚಿದ್ದಳು. ಅದು ಮುಗಿದ ಮೇಲೆ ಮೊಬೈಲು ತನ್ನಷ್ಟಕ್ಕೆ ತಾನೇ ಇನ್ನೇನನ್ನೋ ಹಚ್ಚಿತು. ಸ್ಯಾಕ್ಸೊಫೋನು. ಮೊದಮೊದಲು ಮೆತ್ತಗಿತ್ತು. ಆಮೇಲೆ ದಾರಿ ಬಿಟ್ಟಿತು. ಡ್ರಮ್ಮು ಒಂದು ಕಡೆ ಓಡಿದರೆ ಊದುವವನು ಇನ್ನೊಂದು ಕಡೆ, ಸ್ವರ ಹರಿದು ಹೋಗುವಂತೆ ಕಿರುಚಿತು. ಹಿಟ್ಟಿನ ಕೈಯಲ್ಲೇ ಬಂದ್ ಮಾಡಲು ಹೋದವಳು ಮಾಡಲಿಲ್ಲ. ಸಣ್ಣವಳಿದ್ದಾಗ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಅಜ್ಜ ತೀರಿಕೊಂಡ ದಿನ ಅಜ್ಜಿ ಹೆಣದ ಮುಂದೆ ಕೂತು ಹಾಡಿಕೊಂಡು ಅತ್ತದ್ದು ನೆನಪಾಯಿತು. ಹಾಡು ಎಲ್ಲಿ ಮುಗಿದು ಅಳು ಎಲ್ಲಿ ಸುರುವಾಗುತ್ತಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಬೀಜ-ಗೊಬ್ಬರದ ಅಂಗಡಿ ಮುಚ್ಚಿ ಬಂದ ಗಂಡ ಮಹೇಶಕುಮಾರ ಬಾಗಿಲಲ್ಲೇ ನಿಂತ. "ಮೊಬೈಲ್ ಕೆಟ್ಟದೇನ?"

"ಹ್ಞೂಂ, ಕೆಟ್ಟಂಗ ಕಾಣ್ತದ," ಎಂದು ಆರಿಸಿಬಿಟ್ಟಳು.

ಅದು ಅವಾಂಗಾರ್ಡ್ ಜಾಝ್, ಕಟ್ಟುಪಾಡು ಮುರಿದು ನುಡಿಸುವ ಪಾಶ್ಚಾತ್ಯ ಸಂಗೀತ ಎಂಬುದನ್ನು ಮೊಬೈಲಿನ ಪರದೆಯಿಂದಲೇ ತಿಳಿದುಕೊಂಡಳು. ಅಂದಿನಿಂದ ಕದ್ದು ಕೇಳತೊಡಗಿದಳು. ಬಟ್ಟೆ ಒಗೆಯುವಾಗ, ಶಾಲೆಯಲ್ಲಿ ಪಿರಿಯಡ್ ಖಾಲಿ ಇದ್ದಾಗ, ಸೆರಗಿನೊಳಗಿಂದ ಒಂದು ಕಿವಿಗೆ ತಂತಿ ಸಿಕ್ಕಿಸಿಕೊಂಡು. ಒಮ್ಮೆ ಜೊತೆಯ ಟೀಚರೊಬ್ಬಳು ಆ ತಂತಿ ಎಳೆದು ತನ್ನ ಕಿವಿಗಿಟ್ಟುಕೊಂಡು, "ಇದೇನ್ರಿ ಮೇಡಂ, ಇವಗೇನ್ ಹೊಟ್ಟಿ ಕಡಿತದೇನು?" ಎಂದಾಗ ಸ್ಟಾಫ್ ರೂಮೆಲ್ಲ ನಕ್ಕಿತು. ವಿದ್ಯಾವತಿಯೂ ನಕ್ಕಳು. ತಾನೇ ಹಚ್ಚಿದ್ದಲ್ಲ, ಜಾಹೀರಾತು ಬಂದದ್ದು ಎಂದಳು. ಪೇಪರ್ ತಿದ್ದುವ ಕೆಲಸಕ್ಕೆ ಕಲಬುರಗಿಗೆ ಹೋದಾಗ ಒಂದು ಕ್ಯಾಸೆಟ್ಟಿನ ಹಳೆಯ ಅಂಗಡಿ ಹುಡುಕಿ, ಗಂಟಲು ಸರಿಮಾಡಿಕೊಂಡು, "ಜಾಝ್ ಸಿಗ್ತದೇನ್ರಿ?" ಎಂದು ಕೇಳಿದಳು. ಅಂಗಡಿಯವನು, "ಯಾವ ಪಿಚ್ಚರಿಂದು?" ಎಂದ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಅವಳು ಬೇಡದ ಒಂದು ಭಜನೆಯ ಪೆನ್‌ಡ್ರೈವ್ ಕೊಂಡು ಹೊರಬಿದ್ದಳು.

ಕೊನೆಗೆ ಫೇಸ್‌ಬುಕ್ಕಿನಲ್ಲಿ ರೆಕಾರ್ಡು ಸಂಗ್ರಹಿಸುವವರ ಗುಂಪೊಂದನ್ನು ಸೇರಿಕೊಂಡಳು. ಅಲ್ಲಿ ಎಲ್ಲರದೂ ಇಂಗ್ಲಿಷು. ಅವಳು ಬರೆದು, ಅಳಿಸಿ, ಮತ್ತೆ ಬರೆದು ಕೇಳಿದಳು: ಈ ಬಗೆಯ ಜಾಝಿನಲ್ಲಿ ಮೊದಲು ಯಾವ ಆಲ್ಬಮ್ ಕೇಳಬೇಕು, ನಾನಿರುವುದು ಆಳಂದದಲ್ಲಿ, ಕಲಬುರಗಿ ಸೊಲ್ಲಾಪುರದ ಕಡೆ ರೆಕಾರ್ಡಿನ ಅಂಗಡಿ ಇವೆಯೇ? ಕೆಲವರು ಹೆಸರುಗಳನ್ನು ಕೊಟ್ಟರು. ಒಬ್ಬ ಮಾತ್ರ, ನಿಮ್ಮಲ್ಲಿ ಯಾವ ಪ್ಲೇಯರ್ ಇದೆ, ಮೊಬೈಲಿನಲ್ಲಿ ಕೇಳುವವರಾದರೆ ಈ ಸಂಗೀತದ ತಂಟೆಗೆ ಬರಬೇಡಿ ಎಂದು ಬರೆದ. ಅದರ ಕೆಳಗೆ ಬಹಳ ಜನ ನಗುವ ಮುಖ ಒತ್ತಿದರು.

ವಿದ್ಯಾವತಿ ಹಿಂದೆ ಮುಂದೆ ನೋಡದೆ ಬರೆದುಬಿಟ್ಟಳು: ಮನೆಯಲ್ಲಿ ಪ್ಲೇಯರ್ ಇದೆ. ತಂದೆಯವರ ಸಂಗ್ರಹ ಮುನ್ನೂರರ ಮೇಲಿದೆ. ಅವರು ಮುಂಬೈಯಿಂದ ತರಿಸುತ್ತಿದ್ದರು.

ನಗುವ ಮುಖಗಳು ನಿಂತವು. ಅದೇ ವಾರ ಖಂಡಪ್ಪನ ಮೆಸೇಜು ಬಂತು, ಕನ್ನಡದಲ್ಲಿ.

ಖಂಡಪ್ಪ ಸೊಲ್ಲಾಪುರದವನು, ವಯಸ್ಸು ಎಪ್ಪತ್ತರ ಹತ್ತಿರ. ಹಳೆಯ ಪೇಟೆಯ ಗಲ್ಲಿಯಲ್ಲಿ ರೆಕಾರ್ಡು, ರೇಡಿಯೋ ಮಾರುವ ಅಂಗಡಿ. ಹಿಂದಿ, ಮರಾಠಿ ಹಾಡಿನ ರೆಕಾರ್ಡು ಕೇಳುವವರು ಬರುತ್ತಾರೆ, ಈ ಜಾಝ್ ಕೇಳುವವರು ಈ ಕಡೆ ಯಾರೂ ಇಲ್ಲ, ನಮ್ಮ ಆಳಂದದಲ್ಲೇ ಇದ್ದೀರೆಂದು ಓದಿ ಖುಷಿಯಾಯಿತು ಎಂದು ಬರೆದಿದ್ದ. ಆಮೇಲೆ ಫೋನೂ ಮಾಡತೊಡಗಿದ. ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಈಗಲೇ ಮುಟ್ಟಬಾರದು ಎಂದು ಹೇಳಿಕೊಡುತ್ತಿದ್ದ. ಅವಳಿಗೂ ಮೊದಲ ಸಲ ಮಾತಾಡಲು ಒಬ್ಬರು ಸಿಕ್ಕಿದ್ದರು. ಆದರೆ ಪ್ರತಿ ಸಲವೂ ಮಾತು ಭಗವಂತಪ್ಪನವರ ಕಡೆ ಹೊರಳುತ್ತಿತ್ತು.

"ಅಂಥಾ ಮನಷ್ಯಾ ಆಳಂದದಾಗ ಇದ್ರಂದ್ರ ನನಗ ಭಾಳ ಅಭಿಮಾನ ಅನಸ್ತದ್ರಿ ಮೇಡಂ. ಮುಂಬೈದಾಗ ಯಾವ ಅಂಗಡ್ಯಾಗ ತಗೋತಿದ್ರು?"

"ಅದು ನೆನಪಿಲ್ಲ ಕಾಕಾ, ನಾ ಸಣ್ಣಾಕಿ ಇದ್ದೆ."

ಫೋನಿಟ್ಟ ಮೇಲೆ ಗೋಡೆಯ ಮೇಲಿನ ತಂದೆಯ ಫೋಟೋದ ಕಡೆ ನೋಡದೆ ಅಡಿಗೆಮನೆಗೆ ಹೋಗುತ್ತಿದ್ದಳು. ಇಂದು ಹೇಳಿಬಿಡಬೇಕು, ನಾಳೆ ಹೇಳಿಬಿಡಬೇಕು ಎಂದುಕೊಳ್ಳುತ್ತ ಬೇಸಿಗೆ ಕಳೆಯಿತು.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. "ಮೇಡಂ, ಬೀಗರ ಮನಿ ಕಾರ್ಯಕ್ಕಂತ ಆಳಂದಕ್ಕ ಬಂದೇನಿ. ಬಸ್‌ಸ್ಟ್ಯಾಂಡಿನಾಗ ಇಳದೇನಿ. ನಿಮಗಂತ ಎರಡು ರೆಕಾರ್ಡ್ ತಂದೇನಿ."

ವಿದ್ಯಾವತಿ ಬಾಗಿಲ ಕಡೆ ನೋಡಿದಳು. "ಅಯ್ಯ ಕಾಕಾ, ನಾ ಕಲಬುರಗಿಗೆ ಬಂದೇನಲ್ಲ."

"ಇರ್ಲಿ ಬಿಡ್ರಿ. ಮನ್ಯಾಗ ಅವ್ವಾರು ಇರ್ತಾರಲ್ಲ? ನಿಮ್ಮ ತಂದಿಯವರ ರೆಕಾರ್ಡಿಗೆ ಒಂದ್ಸಲ ಕಣ್ಣ ಹಚ್ಚಿ ಹೋಗ್ತೇನಿ."

ಹಿಂದೊಮ್ಮೆ ಜಾಝಿನ ಹಳೆಯ ಮಾಸಿಕವೊಂದನ್ನು ಕಳಿಸಲು ಅವನು ಮನೆಯ ವಿಳಾಸ ಪಡೆದಿದ್ದ. ಗಂಡ ಅಂಗಡಿಗೆ ಹೋಗಿದ್ದ. ಗುರಮ್ಮ ಪಡಸಾಲೆಯಲ್ಲಿ ಕೂತು ಮೆಂತೆಪಲ್ಯ ಸೋಸುತ್ತಿದ್ದಳು.

"ಅವ್ವಾ, ಯಾರರ ಬಂದು ಕೇಳಿದ್ರ ನಾ ಊರಾಗಿಲ್ಲಂತ ಹೇಳು."

"ಯಾಕಬೇ? ಏನಾತು?"

"ಹೇಳಂದ್ರ ಹೇಳು," ಎಂದು ವಿದ್ಯಾವತಿ ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡಳು.

ಬಾಗಿಲಲ್ಲಿ ದನಿ ಕೇಳಿತು. ಪರದೆಯ ಸಂದಿಯಿಂದ ಕಂಡ ಖಂಡಪ್ಪ ಅವಳು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದ. ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಎದೆಗೆ ಅವಚಿಕೊಂಡ ಚೌಕನೆಯ ಚೀಲ. ಚಪ್ಪಲಿ ಹೊರಗೆ ಬಿಟ್ಟು ಗುಡಿಗೆ ಬಂದವನ ಹಾಗೆ ತಲೆಬಾಗಿ ಒಳಗೆ ಬಂದ. ಗುರಮ್ಮ ಮಗಳು ಊರಲ್ಲಿಲ್ಲ ಎಂದು ತಡವರಿಸುತ್ತ ಹೇಳಿ, ನೀರು ಕೊಟ್ಟು, ಚಹಾಕ್ಕಿಟ್ಟಳು.

"ಅಕ್ಕಾರ, ನಾ ಸೊಲ್ಲಾಪುರದಿಂದ ಬಂದೇನಿ. ಭಗವಂತಪ್ಪನವರು ಇಟ್ಟಿದ್ದು ನೋಡಬೇಕಂತ ಭಾಳ ದಿನದ ಆಸೆರಿ."

"ಏನ್ ನೋಡ್ತೀರಿ?"

"ಅವರ ರೆಕಾರ್ಡು. ಅವರ ಸಾಮಾನು."

ಗುರಮ್ಮನಿಗೆ ರೆಕಾರ್ಡು ಎಂದರೆ ಏನೆಂದು ಹೊಳೆಯಲಿಲ್ಲ. ಆದರೆ ಅಷ್ಟು ದೂರದಿಂದ ಬಂದ ದೊಡ್ಡ ಮನುಷ್ಯ ತನ್ನ ಗಂಡನ ಸಾಮಾನು ನೋಡಬೇಕು ಎನ್ನುತ್ತಿದ್ದಾನೆ. ಅವಳು ಎದ್ದು ಟ್ರಂಕು ತೆರೆದಳು. ಮಡಿಚಿಟ್ಟ ರುಮಾಲು, ಒಂದು ಕಾಲು ಮುರಿದ ಚಷ್ಮಾ, ಮಿಲ್ಲಿಗೆ ಬುತ್ತಿ ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿ. ಒಂದೊಂದನ್ನೂ ಸೆರಗಿನಿಂದ ಒರೆಸಿ ಖಂಡಪ್ಪನ ಮುಂದೆ ಚಾಪೆಯ ಮೇಲಿಟ್ಟಳು.

"ಅವರವು ಅಂದ್ರ ಇಷ್ಟ ಅದಾವ್ರಿ," ಎಂದಳು, ತಪ್ಪು ತನ್ನದೇ ಎನ್ನುವ ಹಾಗೆ. "ಬೇಳಿ ಮಿಲ್ಲಿನಾಗ ತೂಕದ ಮುಂದ ಇದ್ದವರು. ಹೆಚ್ಚಿಗಿ ಏನೂ ಮಾಡ್ಕೊಳ್ಳಿಲ್ಲ. ನೀವು ಪಾಪ ಇಷ್ಟು ದೂರ ಬಂದೀರಿ."

ಪರದೆಯ ಹಿಂದೆ ವಿದ್ಯಾವತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಈಗ ಹೊರಗೆ ಹೋಗಬೇಕು ಎಂದು ಗೊತ್ತಿತ್ತು. ಹೋಗಲಿಲ್ಲ.

ಖಂಡಪ್ಪ ಒಂದೊಂದನ್ನೂ ನೋಡಿದ. ಆಮೇಲೆ ರುಮಾಲನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡು ಮತ್ತೆ ಇಟ್ಟ. "ಭಾಳ ಚಲೋ ಇಟ್ಟೀರಿ ಅಕ್ಕಾರ," ಎಂದ. ಚಹಾ ಪೂರ್ತಿ ಕುಡಿದ. ಹೋಗುವಾಗ ಬಾಗಿಲ ಮರೆಗೆ ಬಿಟ್ಟಿದ್ದ ವಿದ್ಯಾವತಿಯ ಚಪ್ಪಲಿಯನ್ನು ಒಂದು ಸಲ ನೋಡಿದ. ಚೀಲವನ್ನು ಹಾಗೇ ಎದೆಗೆ ಅವಚಿಕೊಂಡು ಹೊರಟುಹೋದ.

ಗುರಮ್ಮ ಪರದೆ ಸರಿಸಿದಾಗ ಮಗಳು ನೆಲದ ಮೇಲೆ ಕೂತಿದ್ದಳು. ಕೇಳಿದ್ದಕ್ಕೆ ತುಂಡುತುಂಡಾಗಿ ಎಲ್ಲ ಹೇಳಿದಳು. ಗುರಮ್ಮ ಬೈಯಲಿಲ್ಲ. ರುಮಾಲು ಮಡಿಚುತ್ತ, "ನಿಮ್ಮಪ್ಪ ಬೇಳಿ ತೂಗಿದ್ದು ನಿನಗ ನಾಚಿಕಿ ಆತೇನಬೇ?" ಎಂದಳು. ಅಷ್ಟೇ. ಅಂದಿನಿಂದ ಊಟಕ್ಕೆ ಬಾ, ಬಾಗಿಲು ಹಾಕು ಎಂಬಷ್ಟಕ್ಕೆ ಮಾತು ನಿಂತಿತು.

ಖಂಡಪ್ಪನ ಫೋನೂ ಇಲ್ಲ, ಮೆಸೇಜೂ ಇಲ್ಲ. ವಿದ್ಯಾವತಿ ಕ್ಷಮೆ ಕೇಳಿ ಬರೆಯಲು ಮೊಬೈಲು ಎತ್ತುವಳು, ಇಡುವಳು. ಕೊನೆಗೆ ಗಂಡನಿಗೆ ಹೇಳಿದಳು. ಮಹೇಶಕುಮಾರ ಮೊದಲು ನಕ್ಕ. ಟ್ರಂಕಿನ ಮಾತು ಬಂದಾಗ ನಗು ನಿಲ್ಲಿಸಿದ. "ಫೋನಿನಾಗ ಹೇಳೂ ಮಾತಲ್ಲ ಅದು," ಎಂದ. "ಹೋಗಿ ಬಾ."

ಮುಂದಿನ ಭಾನುವಾರ ಅಕ್ಕಲಕೋಟೆಯ ಮೇಲಿಂದ ಸೊಲ್ಲಾಪುರಕ್ಕೆ ಹೋದಳು. ಗಲ್ಲಿಯಲ್ಲಿ ಗಾದಿ ಹೊಲಿಯುವವನ ಪಕ್ಕಕ್ಕೇ ಆ ಅಂಗಡಿ. ಒಳಗೆ ನೆಲದಿಂದ ಮಾಡಿನವರೆಗೆ ರೆಕಾರ್ಡುಗಳು. ತಾನು ಇಷ್ಟು ದಿನ ಬಾಯಲ್ಲಿ ಹೇಳುತ್ತ ಬಂದದ್ದು ಇಲ್ಲಿ ನಿಜವಾಗಿ ಧೂಳು ಹಿಡಿದು ನಿಂತಿತ್ತು. ಅವಳು ಹೆಸರು ಹೇಳಿದಳು. ಖಂಡಪ್ಪ ತಲೆ ಎತ್ತಿ ನೋಡಿ, ಸ್ಟೂಲು ತೋರಿಸಿ, ತನ್ನ ಗಿರಾಕಿಯ ಕಡೆ ತಿರುಗಿದ. ಗಿರಾಕಿ ಹೋದ ಮೇಲೂ ಒಂದು ರೇಡಿಯೋದ ಹಿಂಬದಿ ಬಿಚ್ಚಿಕೊಂಡು ಕೂತ.

"ಕಾಕಾ, ನಮ್ಮ ಮನ್ಯಾಗ ಪ್ಲೇಯರ್ ಇಲ್ಲ. ನಾ ಮೊಬೈಲಿನಾಗ ಕೇಳ್ತೇನಿ. ನಮ್ಮಪ್ಪಗ ರೆಕಾರ್ಡಂದ್ರೇನು ಗೊತ್ತಿರಲಿಲ್ಲ. ನೀವು ಬಂದಾಗ ನಾ ಮನ್ಯಾಗೇ ಇದ್ದೆ."

"ಗೊತ್ತದ," ಎಂದ ಖಂಡಪ್ಪ, ರೇಡಿಯೋದಿಂದ ಕಣ್ಣೆತ್ತದೆ. "ರೆಕಾರ್ಡ್ ಅದಾವಂತ ಸುಳ್ಳ ಹೇಳೂದು ಈ ಧಂದೇದಾಗ ಎಲ್ಲಾರೂ ಮಾಡ್ತಾರ. ಅದಕ್ಕ ನನಗ ಸಿಟ್ಟಿಲ್ಲ. ಆದರ ಆ ಹಿರಿ ಜೀವ ಡಬ್ಬಿ, ಚಷ್ಮಾ ತಂದಿಟ್ಟು ನನ್ನ ಮುಂದ ಸಣ್ಣಾತಲ್ರಿ, ನೀವು ಒಳಗ ಕುಂತು ನೋಡಿದ್ರಿ. ಅದು ನನಗ ತಡಕೊಳ್ಳಾಕ ಆಗಲಿಲ್ಲ."

ಅವಳಿಗೆ ಅಳು ಬಂದರೂ ಅಳುವ ಹಕ್ಕು ತನಗಿಲ್ಲ ಎನಿಸಿ ನುಂಗಿಕೊಂಡಳು. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಚೀಲದ ಹಿಡಿಕೆ ತಿರುವುತ್ತ ಕೂತಳು.

ರೇಡಿಯೋ ಪಕ್ಕಕ್ಕಿಟ್ಟು ಅವನೇ ಕೇಳಿದ: "ಖರೇನ ನಿಮ್ಮ ತಂದಿಯವರು ಏನ ಕೇಳ್ತಿದ್ರು?"

"ಏನೂ ಇಲ್ಲ ಕಾಕಾ. ದಿನಾ ಮಿಲ್ಲಿನ ಸಪ್ಪಳ ಕೇಳಿ ಕೇಳಿ ಕಿವಿ ಮಂದ ಆಗಿದ್ವು. ಮನಿಗೆ ಬಂದ್ರ ಯಾರೂ ಮಾತಾಡಬಾರದಿತ್ತು. ಕಟ್ಟಿ ಮ್ಯಾಲ ಸುಮ್ಮ ಕುಂದ್ರತಿದ್ರು. ನಾನೂ ಬಾಜೂಕ ಕುಂದ್ರತಿದ್ದೆ."

ಭಗವಂತಪ್ಪನವರ ಬಗ್ಗೆ ಅವಳು ಅವನಿಗೆ ಹೇಳಿದ ಮೊದಲ ನಿಜವಾದ ಮಾತು ಅದು. ಖಂಡಪ್ಪ ಕೈ ಒರೆಸಿಕೊಂಡು ಎದ್ದು, ಆಳಂದಕ್ಕೆ ತಂದು ಮರಳಿ ಒಯ್ದಿದ್ದ ರೆಕಾರ್ಡಿನಲ್ಲಿ ಒಂದನ್ನು ತೆಗೆದು ಹಚ್ಚಿದ. ರೊಟ್ಟಿ ಸೀದ ಆ ಸಂಜೆಯ ನಂತರ ಮೊದಲ ಸಲ ಆ ಸಂಗೀತ ಅವಳ ಕಿವಿಯ ತೂತಿನೊಳಗಲ್ಲ, ಕೋಣೆಯ ಗಾಳಿಯಲ್ಲಿ ಇತ್ತು. ಊದುವವನು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಸ್ಯಾಕ್ಸೊಫೋನು ಕಿರುಚಿದಾಗ ಪಕ್ಕದಿಂದ ಗಾದಿಯವನು, "ಏ ಖಂಡಪ್ಪಾ, ಬಂದ್ ಮಾಡೋ ಮಾರಾಯಾ!" ಎಂದು ಕೂಗಿದ. ವಿದ್ಯಾವತಿಯ ಕೈ ತಾನಾಗಿಯೇ ಪ್ಲೇಯರಿನ ಕಡೆ ಹೋಯಿತು, ಆರಿಸಲು. ಖಂಡಪ್ಪ ಬೇಡ ಎಂದು ತಲೆಯಾಡಿಸಿದ. ಇಬ್ಬರೂ ರೆಕಾರ್ಡಿನ ಆ ಬದಿ ಮುಗಿಯುವವರೆಗೆ ಕೂತರು. ರೆಕಾರ್ಡನ್ನು ಅವನು ಅವಳಿಗೆ ಕೊಡಲಿಲ್ಲ. ಕವರಿನಲ್ಲಿ ಹಾಕಿ ಮೇಲೆ ಇಟ್ಟ. "ಕೇಳಬೇಕಂದ್ರ ಇಲ್ಲೇ ಬರ್ರಿ," ಎಂದ.

ಮನೆಗೆ ಬಂದು ವಿದ್ಯಾವತಿ ಆ ಗುಂಪಿನಲ್ಲಿ ಬರೆದಳು: ತಂದೆಯವರ ಸಂಗ್ರಹದ ಬಗ್ಗೆ ನಾನು ಹೇಳಿದ್ದು ಸುಳ್ಳು. ಅವರು ಬೇಳೆಯ ಮಿಲ್ಲಿನಲ್ಲಿ ತೂಕ ಮಾಡುತ್ತಿದ್ದರು. ನಾನು ಮೊಬೈಲಿನಲ್ಲಿ ಕೇಳುತ್ತೇನೆ. ಮತ್ತೆ ನಗುವ ಮುಖಗಳು ಬಂದವು. ಹೆಚ್ಚಿನವರು ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಬರೆದದ್ದನ್ನು ತಾಯಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಗುರಮ್ಮ, "ಹೆಡ್ ತೂಕದವರು ಇದ್ರು. ಅದನ್ನೂ ಹಾಕು," ಎಂದಳು. ವಿದ್ಯಾವತಿ ಅದನ್ನೂ ಹಾಕಿದಳು. ಗುರಮ್ಮನ ಮಾತು ಪೂರ್ತಿ ಮೊದಲಿನಂತಾಗುವಷ್ಟರಲ್ಲಿ ದೀಪಾವಳಿ ಬಂತು.

ಈಗ ತಿಂಗಳಿಗೊಮ್ಮೆ, ಬಸ್ಸು ಸಿಕ್ಕರೆ ಎರಡು ಸಲ, ಅವಳು ಸೊಲ್ಲಾಪುರಕ್ಕೆ ಹೋಗುತ್ತಾಳೆ. ಅಂಗಡಿಗೆ ಯಾರಾದರೂ ಬಂದರೆ ಖಂಡಪ್ಪ, "ಇವರು ಆಳಂದದ ಬೇಳಿ ಮಿಲ್ಲಿನ ಭಗವಂತಪ್ಪನವರ ಮಗಳು," ಎಂದು ಪರಿಚಯ ಮಾಡಿಕೊಡುತ್ತಾನೆ. ಅವನು ಅದನ್ನು ಚುಚ್ಚಲು ಹೇಳುತ್ತಾನೋ ಗೌರವಕ್ಕೆ ಹೇಳುತ್ತಾನೋ ಅವಳಿಗೆ ಇವತ್ತಿಗೂ ತಿಳಿದಿಲ್ಲ. ಕೇಳಿದಾಗಲೆಲ್ಲ ತಲೆ ತಗ್ಗುತ್ತದೆ. ಆದರೂ, "ಹೌದ್ರಿ," ಎನ್ನುತ್ತಾಳೆ, ಬಂದವರಿಗೆ ಕೂರಲು ಸ್ಟೂಲು ಸರಿಸುತ್ತಾಳೆ.