ಜನ ಕಂಡರೆ ನಿಲ್ಲುವ ಕುದುರೆ

ನಾಲೆಯ ಏರಿಯ ಮೇಲೆ ಬೈಕಿನ ಸದ್ದು ಕೇಳದಿದ್ದ ಕಾಲ ಅದು, ತೊಂಬತ್ತರ ದಶಕದ ಮೊದಲ ವರ್ಷಗಳು. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ನೀರುಗಂಟಿ. ಮೇಲಿನ ತೂಬಿನಿಂದ ಕೊನೆಯ ತೂಬಿನವರೆಗೆ ನಡೆದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಆ ವರ್ಷ ಅವನ ಮಂಡಿ ಕೈಕೊಟ್ಟಿತು. ಸೈಕಲ್ ತುಳಿಯಲಾಗದೆ ಅರ್ಧ ದಾರಿಯಲ್ಲೇ ಕೂತುಬಿಡುತ್ತಿದ್ದ. ಕೊನೆಯ ಗದ್ದೆಗಳು ಒಣಗಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಊರಿನವರು ಹೇಳಿಯೂ ಆಗಿತ್ತು.

"ಒಂದ್ ಕುದ್ರೆ ತಕ್ಕಂಡ್ಬುಡ್ತೀನಿ ಕಣೇ," ಎಂದ ಅಪ್ಪ.

"ಈ ಮಗೀನೂ ಕರ್ಕಂಡೋಗಿ. ಒಬ್ರೇ ಓದ್ರೆ ಯಾವನಾದ್ರೂ ಟೋಪಿ ಆಕ್ಬುಡ್ತಾನೆ," ಎಂದಳು ಅವ್ವ.

ನಾನಾಗ ನಾಲ್ಕನೇ ಕ್ಲಾಸು. ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋದರೆ, ಕುದುರೆಯೆಂದು ತೋರಿಸಿದ್ದು ಹೇಸರಗತ್ತೆ. ಕೆ.ಆರ್. ಪೇಟೆಯದು ಮದುವೆ ಮೆರವಣಿಗೆಯ ಕುದುರೆ. ಎಲ್ಲಿ ಡೋಲು ಕೇಳಿದರೂ ಕುಣಿಯುತ್ತಿತ್ತು. ಬಸ್ಸಿಗೆ ಕಾದು ಕಾದು ಅಪ್ಪನ ಮಂಡಿ ಇನ್ನಷ್ಟು ಊದಿಕೊಂಡಿತು. ಕೊನೆಗೆ ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಬಳಿ ಜಟಕಾ ಹೊಡೆಯುತ್ತಿದ್ದ ಸಾಬರೊಬ್ಬರು ಸಿಕ್ಕಿದರು. ಆಟೋಗಳು ಬಂದು ಬಾಡಿಗೆ ಇಲ್ಲದೆ, ಮುನ್ನಿ ಎಂಬ ಕಂದು ಕುದುರೆಯನ್ನು ಮಾರಲು ಹೊರಟಿದ್ದರು.

ಅಪ್ಪನಿಗೆ ಗೊತ್ತಿದ್ದದ್ದು ಎತ್ತಿನ ವ್ಯಾಪಾರ; ಎತ್ತಿಗೆ ಮೇಲ್ಗಡೆ ಮುಂಬಲ್ಲು ಇರುವುದಿಲ್ಲ. ಬೆನ್ನು ಒತ್ತಿದ, ಸುಳಿ ಹುಡುಕಿದ, ಬಾಯಿ ಬಿಡಿಸಿ ಬೆಚ್ಚಿಬಿದ್ದ.

"ಇದೇನ್ ಸಾಬ್ರೇ, ಮೇಲ್ಗಡೆ ಮುಂದೂ ಹಲ್ಲವೆ?"

"ಕುದ್ರೆ ಗೌಡ್ರೇ ಅದು, ಎತ್ತಲ್ಲ!" ಸಾಬರು ನಕ್ಕರು. ಆದರೆ ಹಗ್ಗ ಕೊಡುವಾಗ ಮುಖ ಆ ಕಡೆ ತಿರುಗಿಸಿಕೊಂಡರು.

ಮೈಯೆಲ್ಲ ತಡವಿದ ಅಪ್ಪ ಅದರ ಅಭ್ಯಾಸ ಏನೆಂದು ಮಾತ್ರ ಕೇಳಲಿಲ್ಲ. ಮರುದಿನ ನಮ್ಮೂರ ನಾಲೆಯ ಸೇತುವೆ ಕಟ್ಟೆ ಹತ್ತಿ, ಗೋಣಿತಾಟು ಹಾಸಿದ ಬೆನ್ನ ಮೇಲೆ ಕೂತ. ಮುನ್ನಿ ಹೊರಟಳು. ದಾರಿ ಬದಿಯಲ್ಲಿ ಯಾರೋ ನಿಂತಿದ್ದರು, ಮುನ್ನಿಯೂ ನಿಂತಳು. ಎಷ್ಟು ಹೈ ಹೈ ಎಂದರೂ ಕದಲಲಿಲ್ಲ. ನಿಂತವರು ಜಟಕಾ ಹತ್ತುವವರೆಂದೇ ಅವಳ ಲೆಕ್ಕ!

ಮೊದಲೆಲ್ಲ ನೀರಿನ ತಕರಾರಿನವರನ್ನು ಕಂಡರೆ ಅಪ್ಪ ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಿದ್ದ. ಈಗ ಪ್ರತಿಯೊಬ್ಬರ ಗೋಳನ್ನೂ ಕುದುರೆಯ ಮೇಲೆ ಕೂತೇ ಕೇಳಬೇಕು. ಕೊನೆಯ ತೂಬಿನಲ್ಲಿ ಕೆಂಪಮ್ಮಜ್ಜಿ ಹುಲ್ಲು ಹಿಡಿದು ಕಾದಿರುತ್ತಿದ್ದಳು.

"ನಿನ್ ಕುದ್ರೆಗಿರೋ ಬುದ್ಧಿ ನಿಂಗಿಲ್ವಲ್ಲೋ! ನನ್ ಗದ್ದೆ ನೋಡ್ಲಾ, ಬಿರುಕು ಬುಟ್ಟದೆ."

ಅಪ್ಪ ಗೊಣಗುತ್ತ ಇಳಿದು ತೂಬು ಎತ್ತುತ್ತಿದ್ದ. ಆ ವರ್ಷ ಕೊನೆಯ ಗದ್ದೆಗಳಲ್ಲೂ ಬೆಳೆ ಬಂತು. ಅಪ್ಪನ ಕೆಲಸ ಉಳಿಯಿತು.

ಸಂಜೆ ಮನೆಗೆ ಬಂದರೆ ಮನೆ ತುಂಬ ಹುರುಳಿ ಬೇಯುವ ವಾಸನೆ. ಕಾಳು ಮುನ್ನಿಗೆ, ಕಟ್ಟಿನ ಸಾರು ನಮಗೆ, ದಿನಾ ಅದೇ. ನಾಳೆ ವಾಪಸ್ ಕೊಟ್ಟುಬಿಡುತ್ತೇನೆ ಎಂದು ಅಪ್ಪ ಅನ್ನುತ್ತಲೇ ಇದ್ದ, ಮುನ್ನಿ ಮುದಿಯಾಗಿ ನಮ್ಮ ಕೊಟ್ಟಿಗೆಯಲ್ಲೇ ಸಾಯುವವರೆಗೂ.

ಈಗ ಅಪ್ಪನಿಲ್ಲ. ನನ್ನನ್ನು ಮದುವೆ ಮಾಡಿ ಕೊಟ್ಟಿದ್ದು ಅದೇ ಕೊನೆಯ ತೂಬಿನ ಊರಿಗೆ. ಮೊನ್ನೆ ನೀರಿಲ್ಲದೆ ನಮ್ಮ ಪೈರು ಹಳದಿ ತಿರುಗಿದಾಗ ಏರಿಯ ಮೇಲೆ ಹೋಗಿ ನಿಂತೆ. ನೀರು ಬಿಡಿ ಎಂದು ಹೇಳಿ ಹೇಳಿ ಬಾಯಿ ಸೋತಿತ್ತು. ಈಗಿನ ನೀರುಗಂಟಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಬೈಕಿನಲ್ಲಿ ಬಂದ. ಕೈ ಅಡ್ಡ ಹಿಡಿದೆ.

"ಆಮೇಲ್ ಬತ್ತೀನಿ ಕಣಕ್ಕಾ," ಎಂದು ಕೂಗಿಕೊಂಡೇ ಹೊರಟುಹೋದ.

ಮುನ್ನಿಯಾಗಿದ್ದರೆ ನಿಲ್ಲುತ್ತಿದ್ದಳು.